ಮೊಟ್ಟೆ ಕೋಣೆಗೆ ಗಾಳಿ ಬಿಟ್ಟ ಮಳೆಗಾಲ

ಹೋದ ತಿಂಗಳು ಚಿತ್ರದುರ್ಗದ ಒಂದು ಕಾಲೇಜಿನ ಪ್ರಯೋಗಶಾಲೆಗೆ ಫ್ರಿಜ್ ರಿಪೇರಿಗೆ ಹೋಗಿದ್ದೆ. ಅದರ ಬಾಗಿಲು ತೆಗೆದ ಕೂಡಲೇ ಎರಡು ವಾಸನೆ ಒಟ್ಟಿಗೆ ಬಂದವು. ಒಂದು ಗಾಜಿನ ಬಾಟಲಿಗಳ ಫಾರ್ಮಲಿನ್ನದು, ಇನ್ನೊಂದು ತಿಂಗಳುಗಟ್ಟಲೆ ಕರಗದೆ ಕೂತ ಐಸಿನದು. ಐಸಿಗೆ ವಾಸನೆ ಇಲ್ಲ ಅನ್ನುವವರು ಅದರ ಜತೆ ಕೆಲಸ ಮಾಡಿದವರಲ್ಲ. ಇವೆರಡೂ ಒಟ್ಟಿಗೆ ನನ್ನ ಮೂಗಿಗೆ ಬಂದದ್ದು ಹಿಂದೆ ಇನ್ನೊಂದೇ ಕಡೆ. ಹುಳಕ್ಕೆ ರೋಗ ತಗುಲದಿರಲೆಂದು ಫಾರ್ಮಲಿನ್ ಎರಚುತ್ತಿದ್ದ, ಹೊಳಲ್ಕೆರೆಯ ಹೊರಗಿನ ಒಂದು ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಒಂದೇ ಒಂದು ಮಳೆಗಾಲ.

ವರ್ಷ ಯಾವುದು ಎಂದರೆ ತೊಂಬತ್ತೇಳು ಎನ್ನುತ್ತೇನೆ. ತೊಂಬತ್ತೆಂಟೂ ಇರಬಹುದು. ಆ ಮಳೆಗಾಲದ ಕತೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತಾ ಬಂದಿದೆ, ಅದರೊಳಗಿನ ನಾನು ಜಾಣನಾಗುತ್ತಾ ಬಂದಿದ್ದೇನೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಹೋಗಿದೆ. ಈ ಸಲ ದಡ್ಡತನಗಳನ್ನು ಅವುಗಳ ಜಾಗದಲ್ಲೇ ಇಟ್ಟು ಬರೆಯುತ್ತೇನೆ.

ಕೋಠಿ ಎಂದರೆ ರೇಷ್ಮೆ ಹುಳದ ಮೊಟ್ಟೆ ತಯಾರಿಸುವ ಜಾಗ. ಬೇಸಿಗೆಯ ಗೂಡಿನಿಂದ ಹೊರಬಂದ ಚಿಟ್ಟೆಗಳು ಕಾಗದದ ಹಾಳೆಯ ಮೇಲೆ ಮೊಟ್ಟೆ ಇಡುತ್ತವೆ. ಒಂದು ತಳಿಯ ಮೊಟ್ಟೆ ಕೂಡಲೇ ಒಡೆಯುವುದಿಲ್ಲ, ನಿದ್ದೆ ಹೋಗುತ್ತದೆ. ಅದನ್ನು ಹಂತ ಹಂತವಾಗಿ ತಂಪು ಮಾಡಿ, ಕೊನೆಗೆ ಮೂರು ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿಟ್ಟರೆ ಬೇಕಾದ ಕಾಲಕ್ಕೆ ಎಬ್ಬಿಸಬಹುದು. ನಮ್ಮ ಕೋಣೆಯ ಮೊಟ್ಟೆ ದಸರಾ ಕಳೆದ ಮೇಲೆ ಏಳಬೇಕಿತ್ತು. ಹೊಸದುರ್ಗದ ಕಡೆ, ಮಾಡದಕೆರೆ ಸುತ್ತಿನ ಹುಳ ಸಾಕುವವರು ಆ ಹೊತ್ತಿಗೆ ಚಿಗುರು ಬರುವಂತೆ ಹಿಪ್ಪುನೇರಳೆ ಕತ್ತರಿಸಿಕೊಳ್ಳುತ್ತಿದ್ದರು. ಮೊಟ್ಟೆ ಮೊದಲೇ ಎದ್ದರೆ ತಿನ್ನಲು ಎಲೆ ಇಲ್ಲ. ಏಳದೇ ಹೋದರೆ ತೋಟದ ತುಂಬ ಎಲೆ, ಹುಳ ಇಲ್ಲ. ಅಲ್ಲಿಯವರೆಗೆ ಆ ಕೋಣೆಯನ್ನು ತಣ್ಣಗೆ ಇಡುವುದು ನನ್ನ ಕೆಲಸ. ಐಟಿಐ ಮುಗಿಸಿ ಎರಡು ವರ್ಷವಾಗಿತ್ತು. ಚಿಕ್ಕಜಾಜೂರಿನ ಸ್ಟೇಷನ್ ಹಿಂದೆ ಒಂದು ರೂಮು, ದಿನಾ ಬೆಳಗ್ಗೆ ಬಸ್ಸಿನಲ್ಲಿ ಹೊಳಲ್ಕೆರೆ.

ಮೊಟ್ಟೆಗಳ ಜವಾಬ್ದಾರಿ ತಿಪ್ಪಕ್ಕನದು. ಕೋಠಿ ಶುರುವಾದಾಗಿನಿಂದ ಅಲ್ಲಿದ್ದವಳು. ಚಿಟ್ಟೆ ಅರೆದು ಸೂಕ್ಷ್ಮದರ್ಶಕದಲ್ಲಿ ರೋಗ ನೋಡುವುದರಿಂದ ಹಿಡಿದು ಹಾಳೆ ಜೋಡಿಸುವವರೆಗೆ ಎಲ್ಲ ಅವಳ ಕೈಯಲ್ಲೇ ಆಗಬೇಕು. ದಿನಕ್ಕೆ ಎರಡು ಸಲ ಆಕೆ ಕೋಣೆಯ ಬಾಗಿಲು ಹಾರುಹೊಡೆದು ತೆಗೆದಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಬರೀ ಎಲೆ, ಅಡಿಕೆ, ಸುಣ್ಣ. ಹೊಗೆಸೊಪ್ಪು ಮುಟ್ಟಿದ ಕೈ ಹುಳಕ್ಕೆ ವಿಷ, ಹಾಗಾಗಿ ಕೋಠಿಯಲ್ಲಿ ಯಾರೂ ಅದನ್ನು ತಿನ್ನುವಂತಿರಲಿಲ್ಲ. ಎಲೆ ಅಡಿಕೆ ಅಗಿದು ಮುಗಿದು ಬಾಯಿ ಮುಕ್ಕಳಿಸಿದ ಮೇಲೆ ಬಾಗಿಲು ಮುಚ್ಚುವುದು. ಗಾಳಿ ಬಿಡುವುದಕ್ಕೆ ಅವಳ ಅಳತೆ ಅದು.

ಬೇಸಿಗೆಯಲ್ಲಿ ಅದರಿಂದ ತೊಂದರೆ ಇರಲಿಲ್ಲ. ಆಷಾಢದ ಗಾಳಿಯ ಜತೆ ತುಂತುರು ಶುರುವಾದಾಗ ಐಸ್ ಕಟ್ಟತೊಡಗಿತು. ಒಳಗೆ ಸೂರಿನ ಹತ್ತಿರ ಗಾಳಿ ತಣಿಸುವ ಕಾಯಿಲ್ ಇತ್ತು: ತಾಮ್ರದ ಕೊಳವೆ, ಅದರ ಸುತ್ತ ಒತ್ತೊತ್ತಾಗಿ ತೆಳು ತಗಡಿನ ರೆಕ್ಕೆಗಳು, ಹಿಂದೆ ಫ್ಯಾನು. ಕೋಣೆ ಮೂರು ಡಿಗ್ರಿಗೆ ಇಳಿಯಬೇಕಾದರೆ ಕಾಯಿಲ್ ಸೊನ್ನೆಗಿಂತ ಕೆಳಗಿರಬೇಕು. ಹೊರಗಿನ ಹಸಿ ಗಾಳಿ ಒಳಗೆ ನುಗ್ಗಿದರೆ ಅದರಲ್ಲಿನ ನೀರೆಲ್ಲ ಹೋಗಿ ಆ ರೆಕ್ಕೆಗಳ ಮೇಲೆ ಐಸಾಗಿ ಕೂರುತ್ತದೆ. ಸಂದುಗಳು ಮುಚ್ಚುತ್ತವೆ. ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲ. ಮೆಷಿನ್ ಓಡುತ್ತಲೇ ಇರುತ್ತದೆ, ಕೋಣೆ ಬೆಚ್ಚಗಾಗುತ್ತಾ ಹೋಗುತ್ತದೆ. ಆಗ ಮೆಷಿನ್ ನಿಲ್ಲಿಸಿ ಉಗುರುಬೆಚ್ಚಗಿನ ನೀರು ಸುರಿದು ಕರಗಿಸಬೇಕು. ಕರಗುವಷ್ಟರಲ್ಲಿ ಥರ್ಮಾಮೀಟರಿನ ಪಾದರಸ ಎಂಟೋ ಒಂಬತ್ತೋ ತಲುಪಿರುತ್ತದೆ. ದಿನಕ್ಕೆರಡು ಸಲ ಹೀಗೆ ಏರಿಳಿದರೆ ಮೊಟ್ಟೆಯ ನಿದ್ದೆ ಕೆಡುತ್ತದೆ.

“ಅಕ್ಕ, ನೀವು ಬಾಗ್ಲು ತೆಗಿಯೋದ್ರಿಂದ್ಲೇ ಇದೆಲ್ಲ ಆಗ್ತಿರೋದು,” ಅಂದೆ.

“ಏನಪ್ಪ ಇಂಜಿನೇರ, ಒಳಗೆ ಇರೋದು ಜೀವ ಕಣಪ್ಪ. ಕಲ್ಲುಸಕ್ರೆ ಅಲ್ಲ. ಉಸಿರಾಡ್ತಾವೆ.”

“ನಿದ್ದೆ ಮಾಡ್ತಾವಲ್ಲ.”

“ನೀನು ನಿದ್ದೆ ಮಾಡೋವಾಗ ಮೂಗು ಕಟ್ಕಂಡು ಮಲಗ್ತೀಯಾ?”

ನಾನು ನಕ್ಕೆ. ಮಾರನೇ ದಿನ ಬಾಗಿಲಿಗೆ ಬೀಗ ಹಾಕಿದೆ.

ಕೋಠಿ ನಡೆಸುತ್ತಿದ್ದ ರುದ್ರಪ್ಪನವರ ಒಪ್ಪಿಗೆ ಪಡೆದೇ ಹಾಕಿದೆ ಎಂದು ನಾನು ಈವರೆಗೆ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ನಾನು ಅವರಿಗೆ ಹೇಳಿದ್ದು ಬೀಗ ಹಾಕಿದ ಮೇಲೆ. ಬೀಗದ ಕೈ ನನ್ನ ಜೇಬಿನಲ್ಲಿತ್ತು. ದಿನಕ್ಕೊಂದು ಸಲ ನಾನೊಬ್ಬನೇ ಮೈ ಒರೆಸಿಕೊಂಡು ಒಳಗೆ ಹೋಗಿ, ಪಾದರಸ ನೋಡಿ, ಕಾಯಿಲಿಗೆ ಬ್ಯಾಟರಿ ಬಿಟ್ಟು ಬರುತ್ತಿದ್ದೆ. ಕಾಯಿಲ್ ತೊಳೆದ ಪಾತ್ರೆಯಂತಿತ್ತು. ಹೊರಗೆ ಜಡಿಮಳೆ, ಒಳಗೆ ಮೂರು ಡಿಗ್ರಿ ಅಲುಗಲಿಲ್ಲ. ಮೂರು ವಾರ ಹೀಗೆ. ರುದ್ರಪ್ಪನವರು ಬೆನ್ನು ತಟ್ಟಿದರು. ತಿಪ್ಪಕ್ಕ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವುದನ್ನು ನಿಲ್ಲಿಸಿದ್ದಳು. ಆಗ ಅದು ನನಗೆ ಗೆಲುವಿನಂತೆ ಕಂಡಿತ್ತು.

ಮೂರನೇ ವಾರದ ಕೊನೆಗೆ ಬಂದು ಕೈ ಚಾಚಿದಳು. “ಬೀಗದ ಕೈ ಕೊಡು. ಒಂದು ಹಾಳೆ ನೋಡ್ಬೇಕು.”

ಕೆಳಗಿನ ಹಲಗೆಯಿಂದ ಒಂದು ಹಾಳೆ ತಂದು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಕೊಟ್ಟಳು. ನಿದ್ದೆಯ ಮೊಟ್ಟೆ ಸ್ಲೇಟಿನ ಬಣ್ಣಕ್ಕಿರುತ್ತದೆ, ತುಂಬಿಕೊಂಡಿರುತ್ತದೆ. ಆ ಹಾಳೆಯಲ್ಲಿ ಅಲ್ಲಲ್ಲಿ ಮೊಟ್ಟೆಗಳು ನಡುವೆ ಕುಸಿದಿದ್ದವು, ಹಿಟ್ಟಿಗೆ ಬೆರಳು ಒತ್ತಿದ ಹಾಗೆ.

“ಗುಣಿ ಬಿದ್ದೈತೆ ನೋಡು. ಅವು ಹೋದ್ವು.”

“ಮೇಲಿನ ಹಲಗೇವು?”

“ಚೆನ್ನಾಗವೆ. ಕೆಟ್ಟ ಗಾಳಿ ಕೆಳಗೆ ಕುಂತ್ಕಂತೈತೆ. ಉಸಿರು ಕಟ್ಟಿದ್ದು ಇವಕ್ಕೇ.”

ಆಗ ನಾನು ಏನೆಂದೆ? ಎರಡು ಉತ್ತರ ನೆನಪಿವೆ. ಒಂದರಲ್ಲಿ ತಪ್ಪಾಯ್ತಕ್ಕ ಎಂದು ಬೀಗ ಕಿತ್ತು ಅವಳ ಕೈಗೆ ಕೊಡುತ್ತೇನೆ. ಇನ್ನೊಂದರಲ್ಲಿ, ಹಾಳೆಯೇ ಮೊದಲಿನಿಂದ ಕೆಟ್ಟದ್ದಿರಬೇಕು ಎಂದು ವಾದಿಸುತ್ತೇನೆ. ಎರಡನೆಯದೇ ನಿಜ ಎಂದು ಬಲವಾದ ಅನುಮಾನ. ಏಕೆಂದರೆ ಅವಳು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದ ಗುರುತು ತೋರಿಸಿ, “ಇಡುವಾಗ ನಾನೇ ನೋಡಿದೀನಿ” ಅಂದದ್ದು ನೆನಪಿದೆ. ವಾದಿಸದವನಿಗೆ ಅದನ್ನು ತೋರಿಸಬೇಕಾಗಿರಲಿಲ್ಲ.

ಬಾಗಿಲು ಮತ್ತೆ ತೆರೆಯಿತು. ಐಸ್ ಮತ್ತೆ ಕಟ್ಟಿತು. ಅಷ್ಟರಲ್ಲಿ ಶ್ರಾವಣದ ಮಳೆ ಗಟ್ಟಿಯಾಗಿತ್ತು. ಒಂದು ಮಧ್ಯಾಹ್ನ ಪಾದರಸ ಹತ್ತಕ್ಕೆ ಬಂದದ್ದನ್ನು ರುದ್ರಪ್ಪನವರು ಕಣ್ಣಾರೆ ಕಂಡರು.

“ನೋಡಪ್ಪ,” ಅಂದರು. ಅವರು ಕೂಗಾಡುವವರಲ್ಲ. “ಗಣಪತಿ ಹಬ್ಬದವರೆಗೂ ನೋಡ್ತೀನಿ. ಹಬ್ಬದ ಮಾರನೇ ದಿನ ವ್ಯಾನ್ ಕರೆಸಿ, ಇಷ್ಟನ್ನೂ ಬೆಂಗಳೂರ ಕಡೆ ದೊಡ್ಡ ಕೋಲ್ಡ್ ಸ್ಟೋರೇಜಿಗೆ ಕಳಿಸ್ತೀನಿ.”

“ಆ ರಸ್ತೆಗೆ, ಈ ಮಳೆಗೆ?” ತಿಪ್ಪಕ್ಕ ಕೇಳಿದಳು. “ಕುಲುಕಾಡ್ಕಂಡು, ಬಿಸಿಯಾಗ್ಕಂಡು ಹೋಗಿ ಸೇರೋದ್ರಾಗೆ ಅರ್ಧ ಹೋಗಿರ್ತಾವೆ.”

“ಇಲ್ಲಿದ್ರೆ ಪೂರ್ತಿ ಹೋಗ್ತಾವಲ್ಲಮ್ಮ.”

ಅವರು ಹೋದ ಮೇಲೆ ತಿಪ್ಪಕ್ಕ ನನ್ನ ಕಡೆ ನೋಡಿ, “ನಾನಂತೂ ಇವನ್ನ ಕಳಿಸಲ್ಲ,” ಅಂದಳು. ಅದು ನನ್ನನ್ನು ಕೇಳಿದ್ದಲ್ಲ, ನನಗೆ ತಿಳಿಸಿದ್ದು. ನಾನೂ ಕಳಿಸುವುದಿಲ್ಲ ಅಂದೆ. ಹೇಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಒಂದು ಬೋಗುಣಿಯಲ್ಲಿ. ಕೋಣೆಯ ಬಾಗಿಲಿನ ಕೆಳಗೆ ಕಾಗದ ತೂರುವಷ್ಟು ಸಣ್ಣ ಸಂದಿತ್ತು. ಅಲ್ಲಿಂದ ಎಳೆಯಷ್ಟು ತಣ್ಣನೆ ಗಾಳಿ ಸದಾ ಹೊರಗೆ ಸೋರುತ್ತಿತ್ತು. ಹೊಸ್ತಿಲಿಗೆ ಹೊಡೆದಿದ್ದ ತಗಡು ಆ ಗಾಳಿಗೆ ತಣ್ಣಗಾಗಿ, ಅದರ ಹೊರಮೈಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ತಿಪ್ಪಕ್ಕ ಅದರಡಿ ಒಂದು ಸಿಲ್ವಾರದ ಬೋಗುಣಿ ಇಟ್ಟಿದ್ದಳು. ಬೆಳಗ್ಗೆ ಬಂದವಳೇ ಆ ನೀರಲ್ಲಿ ಕೈ ತೊಳೆದು ಒಳಗೆ ಹೋಗುವುದು ಅವಳ ರೂಢಿ. ದಿನಾ ಎಡವುತ್ತಿದ್ದ ಆ ಬೋಗುಣಿಯನ್ನು ಅವತ್ತು ಎತ್ತಿ ನೋಡಿದೆ. ತುಂಬಿತ್ತು.

“ಇಲ್ಲಿ ಐಸ್ ಕಟ್ಟಿದ್ದು ಯಾವತ್ತಾದ್ರೂ ನೋಡಿದೀರಾ ಅಕ್ಕ?”

“ಇಲ್ಲಿ ಯಾಕೆ ಕಟ್ತೈತೆ. ಬರೀ ನೀರು.”

ಸೋರಿ ಹೊರಗೆ ಬರುವ ಗಾಳಿ ಮೂರು ನಾಲ್ಕು ಡಿಗ್ರಿಯದು. ತಗಡನ್ನು ಅದು ತಣಿಸುತ್ತದೆ, ಆದರೆ ಸೊನ್ನೆಗೆ ಇಳಿಸಲಾರದು. ಹಾಗಾಗಿ ಹೊರಗಿನ ಗಾಳಿಯ ತೇವ ತಗಡಿನ ಮೇಲೆ ನೀರಾಗಿ ಇಳಿದು ಹೋಗುತ್ತದೆ. ಬೋಗುಣಿಯಲ್ಲಿದ್ದಷ್ಟು ನೀರು ಕಾಯಿಲ್ ತಲುಪಿ ಐಸಾಗಲಿಲ್ಲ. ಹಾಗಾದರೆ ಒಳಗೆ ಬರುವ ಗಾಳಿಯನ್ನೆಲ್ಲ ಇಂಥ ತಗಡನ್ನು ಸವರಿಕೊಂಡೇ ಬರುವಂತೆ ಮಾಡಿದರೆ? ಹೊರಗೆ ಹೋಗುವ ತಣ್ಣನೆ ಗಾಳಿ ತಗಡಿನ ಒಂದು ಮೈಗೆ, ಒಳಗೆ ಬರುವ ಹಸಿ ಗಾಳಿ ಇನ್ನೊಂದು ಮೈಗೆ. ನೀರನ್ನು ನೀರಾಗಿದ್ದಾಗಲೇ ಹೊರಗೆ ಇಳಿಸಿಬಿಡುವುದು. ಮೊಟ್ಟೆಗೆ ಗಾಳಿ ಸಿಗುತ್ತದೆ, ಹೊರಗೆ ಚೆಲ್ಲಿ ಹೋಗುತ್ತಿದ್ದ ತಂಪೂ ವಾಪಸು ಸಿಗುತ್ತದೆ. ದೊಡ್ಡ ಊರುಗಳಲ್ಲಿ ಇಂಥ ಯಂತ್ರಗಳು ಆಗಲೇ ಇದ್ದವು ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆಗ ನನಗೆ ಗೊತ್ತಿದ್ದದ್ದು ಬೋಗುಣಿ ಮಾತ್ರ.

ಚಿತ್ರದುರ್ಗದ ಸಂತೆಪೇಟೆಯ ಒಂದು ಓಣಿಯಲ್ಲಿ ದಸ್ತಗೀರ್ ಸಾಬ್ರು ಟ್ರಂಕು, ಡಬ್ಬ ಮಾಡುತ್ತಿದ್ದರು. ನಾನು ಬರೆದುಕೊಂಡು ಹೋದ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಏನ್ ತಮ್ಮಾ ಇದು. ಮದ್ವೆ ಟ್ರಂಕ್ ಮಾಡಿದೀನಿ, ಜೋಳದ ಡಬ್ಬ ಮಾಡಿದೀನಿ. ಒಳಗೆ ಏನೂ ಇಡಕ್ಕಾಗದ ಡಬ್ಬ ಇದೇ ಮೊದ್ಲು.”

“ಗಾಳಿ ಹೋಗಕ್ಕೆ ಸಾಬ್ರೆ. ಎರಡು ಗಾಳಿ. ಮಧ್ಯೆ ತಗಡು. ಒಂದನ್ನೊಂದು ಮುಟ್ಟಬಾರ್ದು.”

“ಹಂಗನ್ನು. ಅತ್ತೆ ಸೊಸೆ ಒಂದೇ ಮನೆ, ಬ್ಯಾರೆ ಬ್ಯಾರೆ ಒಲೆ.”

“ಆದ್ರೆ ಒಬ್ರ ಕಾವು ಗೋಡೆ ದಾಟಿ ಇನ್ನೊಬ್ರಿಗೆ ತಾಗ್ಬೇಕು.”

“ಅದು ಹೆಂಗೂ ತಾಗ್ತೈತೆ ಬಿಡು,” ಅಂದರು, ಒಳಮನೆಯ ಕಡೆ ಒಮ್ಮೆ ನೋಡಿ.

ಬೆರಳಗಲ ಬಿಟ್ಟು ಬಿಟ್ಟು ಜೋಡಿಸಿದ ತಗಡುಗಳು. ಒಂದು ಸಂದಿನ ಬಾಯಿ ಈ ಕಡೆಗೆ, ಮುಂದಿನದರ ಬಾಯಿ ಆ ಕಡೆಗೆ, ಅಂಚಿಗೆಲ್ಲ ಬೆಸುಗೆ. ನಾಲ್ಕು ದಿನ ಹಿಡಿಯಿತು. ತರಲು ಹೋದಾಗ ನಾನು ಹೇಳದೇ ಇದ್ದ ಒಂದು ಮೂತಿಯನ್ನು ಅಡಿಯಲ್ಲಿ ಕೂರಿಸಿದ್ದರು. “ನೀರು ಬರ್ತೈತೆ ಅಂದ್ಯಲ್ಲ. ಹೋಗಕ್ಕೆ ದಾರಿ ಬ್ಯಾಡ್ವಾ?”

ಪೆಟ್ಟಿಗೆ ಬಸ್ಸಿನ ಟಾಪಿಗೇರಿತು. ಹೊಳಲ್ಕೆರೆವರೆಗೂ ಮಳೆ. ಇಳಿಸಿದಾಗ ಮೇಲ್ಮುಖವಾಗಿದ್ದ ಬಾಯಿಯ ಸಂದುಗಳಲ್ಲಿ ನೀರು ನಿಂತಿತ್ತು. ಪಕ್ಕದ ಬಾಯಿಯ ಸಂದುಗಳಿಗೆ ಚಿಂದಿ ಬಟ್ಟೆ ತುರುಕಿ ಎಳೆದೆ, ಒಣಗಿತ್ತು. ಒಂದು ಹನಿಯೂ ಆಚೆಯಿಂದ ಈಚೆಗೆ ದಾಟಿರಲಿಲ್ಲ. ಸಾಬ್ರ ಬೆಸುಗೆಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಇನ್ನೀಗ ನನ್ನ ಎರಡನೆಯ ದಡ್ಡತನ. ಪೆಟ್ಟಿಗೆಯನ್ನು ಹೊರಗೋಡೆಗೆ ಕೂರಿಸಿ, ಎರಡು ಸಣ್ಣ ಫ್ಯಾನು ಹಾಕಿ, ಕೋಣೆಯ ಗಾಳಿಯನ್ನು ಹೊರಗೆಳೆಯುವ ಕೊಳವೆಯನ್ನು ಒಳಗೆ ಎಲ್ಲಿ ಬಿಡುವುದು ಎಂದು ಯೋಚಿಸಿದೆ. ತಗಡು ಎಷ್ಟು ತಣ್ಣಗಾದರೆ ಅಷ್ಟು ನೀರು ಇಳಿಯುತ್ತದೆ ಎಂಬುದು ನನ್ನ ಲೆಕ್ಕ. ಕೋಣೆಯಲ್ಲಿ ಎಲ್ಲಕ್ಕಿಂತ ತಣ್ಣನೆ ಗಾಳಿ ಸಿಗುವುದು ಕಾಯಿಲಿನ ಬಾಯಲ್ಲಿ. ಕೊಳವೆಯನ್ನು ಅಲ್ಲಿಗೇ ಕಟ್ಟಿದೆ. ಮೊದಲ ದಿನ ಮೂತಿಯಿಂದ ನೀರು ಧಾರೆ ಕಟ್ಟಿ ಬಂತು. ರುದ್ರಪ್ಪನವರನ್ನು ಕರೆದು ತೋರಿಸಿದೆ. ಎರಡನೇ ದಿನ ಹನಿ ಹನಿ. ಮೂರನೇ ದಿನ ಹನಿಯೂ ಇಲ್ಲ. ಮುಚ್ಚಳ ಬಿಚ್ಚಿದರೆ ಬೆರಳಗಲದ ಸಂದುಗಳೆಲ್ಲ ಬೆಳ್ಳಗೆ ಮುಚ್ಚಿಹೋಗಿದ್ದವು. ಕಾಯಿಲಿನಲ್ಲಿದ್ದ ಐಸನ್ನು ಪೆಟ್ಟಿಗೆಗೆ ವರ್ಗ ಮಾಡಿಸಿದ್ದೆ, ಅಷ್ಟೇ.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಬೀದಿಯಲ್ಲಿ ಹುಡುಗರು ಚಪ್ಪರಕ್ಕೆ ಬೊಂಬು ನಿಲ್ಲಿಸುತ್ತಿದ್ದರು. ನಾನು ಮುಚ್ಚಳ ಹಿಡಿದು ಕೂತಿದ್ದೆ. ತಿಪ್ಪಕ್ಕ ಬಂದು ಪೆಟ್ಟಿಗೆ ನೋಡಿದಳು, ಒಳಗೆ ಹೋಗಿ ಕೊಳವೆ ನೋಡಿದಳು, ಹೊರಗೆ ಬಂದಳು.

“ಒಂದ್ ಮಾತು ಕೇಳ್ಲಾ? ಹೊರಗೆ ಹಾಕ್ಬೇಕಾಗಿದ್ದು ಯಾವ ಗಾಳಿನ?”

“ಒಳಗಿನ ಗಾಳಿನ.”

“ಒಳಗೆ ಎಲ್ಲಿಂದು? ಮೊಟ್ಟೆ ಉಸಿರಾಡಿ ಬಿಟ್ಟಿದ್ದು ಕೆಳಗೆ ಕುಂತೈತೆ, ಬಾಗ್ಲ ಹತ್ರ. ನೀನು ಮೇಲೆ ಮೆಷಿನ್ ಬಾಯಿಗೇ ಕೊಳವೆ ಇಕ್ಕಿ ಹೊಸಾ ಗಾಳಿನೇ ಹೊರಗೆ ದಬ್ಬಿದೀಯ. ಅದನ್ನ ಅವು ಇನ್ನೂ ಮೂಸೇ ನೋಡಿಲ್ಲ.”

ಅವಳು ಹೇಳಿದ್ದು ಮೊಟ್ಟೆಯ ಮಾತು. ನನಗೆ ಅದರೊಳಗೆ ಐಸಿನ ಮಾತೂ ಕೇಳಿಸಿತು. ಕಾಯಿಲಿನ ಬಾಯಿಯ ಗಾಳಿ ಸೊನ್ನೆಗಿಂತ ಕೆಳಗಿನದು, ತಗಡನ್ನೂ ಅಲ್ಲಿಗೇ ಒಯ್ಯುತ್ತದೆ. ಕೋಣೆಯೆಲ್ಲ ಸುತ್ತಿ, ಹಲಗೆಗಳ ನಡುವೆ ಹಾದು, ಬಾಗಿಲ ಬುಡಕ್ಕೆ ಬಂದ ಗಾಳಿ ನಾಲ್ಕು ಡಿಗ್ರಿಯದು. ಮೊಟ್ಟೆಗೆ ಬೇಡವಾದ ಗಾಳಿಯೂ ಅದೇ, ತಗಡಿಗೆ ಬೇಕಾದ ಗಾಳಿಯೂ ಅದೇ. ಬೋಗುಣಿ ಇಟ್ಟದ್ದೂ ಅಲ್ಲಿಯೇ. ಅದನ್ನೇ ನೋಡಿ ಕಲಿತು, ಕಲಿತದ್ದನ್ನು ಮಾಡುವಾಗ ಇನ್ನೂ ತಣ್ಣಗಿರಲಿ ಎಂದು ಆಸೆಪಟ್ಟು ಜಾಗ ಬದಲಿಸಿದ್ದೆ.

ಮಾರನೇ ಬೆಳಗ್ಗೆ ಬಾಗಿಲ ಪಕ್ಕದ ಗೋಡೆಯನ್ನು ನೆಲದಿಂದ ಗೇಣೆತ್ತರದಲ್ಲಿ ಒಡೆದೆವು. ಇಟ್ಟಿಗೆ, ಅದರ ಹಿಂದೆ ಥರ್ಮಾಕೋಲು, ಅದರ ಹಿಂದೆ ತಗಡು. ಸುತ್ತಿಗೆಯ ಏಟಿಗೆ ಹಲಗೆಗಳು ಅದುರಬಾರದೆಂದು ತಿಪ್ಪಕ್ಕ ಒಳಗೆ ಚಳಿಯಲ್ಲಿ ಹಲಗೆಗೆ ಹೆಗಲು ಕೊಟ್ಟು ನಿಂತಳು. ಮೈಮೇಲೆ ಎರಡು ಗೋಣಿಚೀಲ. ನಾನು ಹತ್ತು ಪೆಟ್ಟು ಹೊಡೆಯುವುದು, ಅವಳು ಹೊರಗೆ ಬಂದು ಕೈ ಉಜ್ಜಿಕೊಳ್ಳುವುದು, ಮತ್ತೆ ಒಳಗೆ.

“ಮೆಲ್ಲಗೆ ಹೊಡಿಯಪ್ಪ. ಮನೆ ಕೆಡವ್ತಿದೀಯೋ, ತೂತು ಮಾಡ್ತಿದೀಯೋ?”

“ಇಟ್ಟಿಗೆ ಗಟ್ಟಿ ಐತಕ್ಕ.”

“ನಿನ್ ತಲೆಗಿಂತ ಗಟ್ಟಿ ಇರಕ್ಕಿಲ್ಲ, ಹೊಡಿ.”

ಮಧ್ಯಾಹ್ನದ ಹೊತ್ತಿಗೆ ತೂತು ಬಿತ್ತು. ಸಂಜೆಗೆ ಪೆಟ್ಟಿಗೆಯನ್ನು ಅಲ್ಲಿಗೆ ಇಳಿಸಿ, ಕೊಳವೆಯನ್ನು ಕೆಳಗಿನ ಹಲಗೆಯ ಬುಡಕ್ಕೆ ಬಿಟ್ಟು, ಸಂದುಗಳಿಗೆ ಮೇಣ ಮೆತ್ತಿ, ಫ್ಯಾನು ಹಾಕಿದೆವು. ಬಾಗಿಲ ಕೆಳಗಿನ ಸಂದನ್ನೂ ಮುಚ್ಚಿದೆ. ಆಮೇಲೆ ಕಾದದ್ದೇ ಕಾದದ್ದು. ಹಬ್ಬದ ದಿನವೂ ಇಬ್ಬರೂ ಬಂದೆವು. ಮೂತಿಯಿಂದ ನೀರು ಬರುತ್ತಲೇ ಇತ್ತು. ಮುಚ್ಚಳ ಬಿಚ್ಚಿದರೆ ತಗಡುಗಳು ಒದ್ದೆ, ಐಸಿಲ್ಲ. ಬಾಗಿಲು ತೆಗೆಯದೆಯೇ ತಿಪ್ಪಕ್ಕನ ಮೊಟ್ಟೆಗಳಿಗೆ ಹಗಲೂ ರಾತ್ರಿ ಗಾಳಿ ಹೋಗುತ್ತಿತ್ತು.

ಮಾರನೇ ದಿನ ವ್ಯಾನು ಬಂತು. ರುದ್ರಪ್ಪನವರು ಪಾದರಸ ನೋಡಿದರು, ಮೂರು. ಕಾಯಿಲಿಗೆ ಬ್ಯಾಟರಿ ಬಿಡಿಸಿ ನೋಡಿದರು. ಮೂತಿಯಡಿ ಇಟ್ಟಿದ್ದ ಬಕೆಟ್ಟಿನ ನೀರಿಗೆ ಬೆರಳಿಟ್ಟು ನೋಡಿದರು. ಕೊನೆಗೆ ತಿಪ್ಪಕ್ಕನ ಕಡೆ ತಿರುಗಿದರು.

“ಏನಮ್ಮಾ?”

“ನಾನು ಹಾಳೆ ಎತ್ತಿ ಕೊಡಲ್ಲ ಸಾಮಿ. ನೀವೇ ಎತ್ಕಂಡು ಹೋಗ್ಬೇಕು.”

ಅವರು ಒದ್ದೆ ಬೆರಳು ಒರೆಸಿಕೊಂಡರು. ಆಮೇಲೆ ಡ್ರೈವರಿಗೆ ಚಾ ಕೊಡಿಸಿ ಕಳಿಸಿದರು.

ಐಸ್ ಪೂರ್ತಿ ನಿಂತುಹೋಯಿತು ಎಂದರೆ ಸುಳ್ಳಾಗುತ್ತದೆ. ದಿನಕ್ಕೆ ಎರಡು ಸಲ ಕರಗಿಸುತ್ತಿದ್ದದ್ದು ವಾರಕ್ಕೊಂದು ಸಲಕ್ಕೆ ಇಳಿಯಿತು, ಅದೂ ಕಾಲು ಗಂಟೆಯ ಕೆಲಸ, ಪಾದರಸ ಐದು ದಾಟುತ್ತಿರಲಿಲ್ಲ. ಕರೆಂಟು ಹೋದಾಗಲೆಲ್ಲ ತಂಪು ಸೋರದಿರಲೆಂದು ಪೆಟ್ಟಿಗೆಯ ಬಾಯಿಗೆ ಗೋಣಿ ತುರುಕುವುದು, ಬಂದಾಗ ತೆಗೆಯುವುದು. ಹೀಗೇ ದಸರಾ ಬಂತು, ಹೋಯಿತು.

ಹಾಳೆಗಳನ್ನು ಹೊರಗೆ ತೆಗೆದು ದಿನಕ್ಕಿಷ್ಟು ಬೆಚ್ಚಗೆ ಮಾಡಿ, ಮೊಟ್ಟೆ ನೀಲಿಗೆ ತಿರುಗಿದಾಗ ಒಂದೇ ಸಲ ಒಡೆಯಲೆಂದು ಕತ್ತಲೆ ಪೆಟ್ಟಿಗೆಗೆ ಹಾಕಿ, ಒಂದು ಬೆಳಗ್ಗೆ ತಿಪ್ಪಕ್ಕ ಎಲ್ಲವನ್ನೂ ಒಟ್ಟಿಗೆ ಬೆಳಕಿಗೆ ತೆರೆದಳು. ಬಿಸಿಲು ಏರುವಷ್ಟರಲ್ಲಿ ಹಾಳೆಗಳು ಕಪ್ಪಗೆ ಮಿಸುಕಾಡತೊಡಗಿದವು. ಕೂದಲೆಳೆಯಷ್ಟು ಹುಳಗಳು, ಒಂದರ ಮೇಲೊಂದು. ಮೇಲಿನ ಹಲಗೆಯವು, ನಡುವಿನವು, ಎಲ್ಲ ಎದ್ದಿದ್ದವು. ಕೆಳಗಿನ ಹಲಗೆಯ ಹಾಳೆಗಳಲ್ಲಿ ಮಾತ್ರ ನಡು ನಡುವೆ ಬೂದು ಬಣ್ಣದ ಪಟ್ಟೆಗಳು ಅಲ್ಲಾಡದೆ ಉಳಿದವು. ನನ್ನ ಬೀಗದ ಮೂರು ವಾರ ಅಲ್ಲಿ ಹಾಗೇ ಅಚ್ಚೊತ್ತಿತ್ತು. ಹೊರಗೆ ಮಾಡದಕೆರೆಯವರು ಬಂದು ಬುಟ್ಟಿ ಇಟ್ಟುಕೊಂಡು ಕೂತಿದ್ದರು.

“ಅಕ್ಕ, ಇವು ಯಾಕೆ ಹಿಂಗಾದ್ವು ಅಂತ ಅವರಿಗೆ ನಾನೇ ಹೇಳ್ತೀನಿ,” ಅಂದೆ.

“ಹೇಳೀಯಂತೆ, ಹೇಳ್ಬೇಕು. ಅವರೇನು ಓಡಿಹೋಗಲ್ಲ.” ಅವಳು ತಲೆ ಎತ್ತಲಿಲ್ಲ. ನವಿಲುಗರಿಯಿಂದ ಹುಳಗಳನ್ನು ತಟ್ಟೆಗೆ ಇಳಿಸುತ್ತಿದ್ದಳು. “ಇವಕ್ಕೆ ಹಸಿವಾಗೈತೆ. ಮೊದ್ಲು ಕುಂತ್ಕಂಡು ಎಲೆ ಹೆಚ್ಚು.”

ಕುಡಿ ಎಲೆ ತೊಳೆದು ಒರೆಸಿಟ್ಟಿದ್ದಳು. ಚಾಕು ತೆಗೆದುಕೊಂಡು ಕೂತು ಹೆಚ್ಚಿದೆ. ಒಂದು ಹಿಡಿ ಮುಂದಕ್ಕೆ ತಳ್ಳಿದೆ. ಬೆರಳಿನಿಂದ ಹರಡಿ ನೋಡಿ ವಾಪಸು ತಳ್ಳಿದಳು.

“ಇನ್ನೂ ಸಣ್ಣಕೆ,” ಅಂದಳು.